ಕಾಡುಕೋಳಿಗೊಂದು ಗೋಡೆ

ಚಿತ್ರ ಬರೆಯುವವನಿಗೆ ಬಣ್ಣ ಸಿಗುತ್ತದೆ, ಕುಂಚ ಸಿಗುತ್ತದೆ, ಹೆಂಡತಿಯ ಕಣ್ಣು ತಪ್ಪಿಸಿದರೆ ಪುರಸೊತ್ತೂ ಸಿಗುತ್ತದೆ. ಸಿಗದಿರುವುದು ಗೋಡೆ. ನಾನು ಬರೆದ ಗೌಜಲಹಕ್ಕಿ, ಪುರಲೆಹಕ್ಕಿ, ಕಾಡುಕೋಳಿಗಳೆಲ್ಲ ಇಷ್ಟು ವರ್ಷ ಸಂಸಾರ ಮಾಡಿದ್ದು ಶಿವಮೊಗ್ಗದ ಕೋಟೆ ರಸ್ತೆಯಲ್ಲಿರುವ ನಮ್ಮ ಮನೆಯ ಮಂಚದ ಕೆಳಗೆ. ನಡುಮನೆಯ ಗೋಡೆ ಕೇಳಿದಾಗಲೆಲ್ಲ ನನ್ನ ಹೆಂಡತಿ ಗಿರಿಜಾಳದು ಒಂದೇ ಮಾತು: "ಲಿಂಗಪೂಜೆ ಮಾಡೋ ಮನೇಲಿ ಕೋಳಿ ತೂಗಹಾಕಿದ್ರೆ ಬಂದವರು ಏನಂದ್ಕೋತಾರೆ? ಒಂದು ಗಿಳಿ ಬರೀರಿ, ನಾನೇನು ಬೇಡ ಅಂತೀನಾ?" ಗಿಳಿ ನನಗೆ ಒಲಿಯಲಿಲ್ಲ. ಒಲಿದದ್ದೆಲ್ಲ ಹಿಂದಿನವರು ಬೇಟೆಯಾಡಿ ತಿನ್ನುತ್ತಿದ್ದ ಹಕ್ಕಿಗಳೇ. ಹುಟ್ಟಿನಿಂದ ಮೊಟ್ಟೆಯನ್ನೂ ಮುಟ್ಟದ ನನಗೆ ಇದೆಂಥ ಹಣೆಬರಹವೋ. ಸ್ನೇಹಿತರಿಗೆ ಚಿತ್ರ ತೋರಿಸಿದರೆ ಬಣ್ಣದ ಮಾತೇ ಬರುವುದಿಲ್ಲ. "ನಮ್ಮಜ್ಜ ಹೇಳ್ತಿದ್ರು ಮಾರಾಯ, ಇದರ ಸಾರು ಅಂದ್ರೆ..." ಎಂದು ಶುರುವಾಗುತ್ತದೆ. ನಾನು ಚಿತ್ರವನ್ನು ಮತ್ತೆ ಮಂಚದ ಕೆಳಗೆ ತಳ್ಳುತ್ತೇನೆ.

ಆದರೂ ಬೆಳಗಾದರೆ ಸ್ಕೂಟರು ತಾನಾಗಿಯೇ ಸೋಗಾನೆಯ ಕಡೆ ತಿರುಗುತ್ತದೆ. ವಿಮಾನ ನಿಲ್ದಾಣದಿಂದ ಆಚೆ, ಕುರುಚಲು ಗಿಡಗಳ ನಡುವೆ ಮಂಜು ಇನ್ನೂ ನೆಲ ಬಿಟ್ಟಿರುವುದಿಲ್ಲ. ಪೊದೆಯಿಂದ ಒಂದು ಕಾಡುಕೋಳಿ ಹುಂಜ ಹೊರಬಂದು, ಒಂದು ಕಾಲೆತ್ತಿ, ಮುಂದಿನ ಹೆಜ್ಜೆ ಇಡಲೋ ಬೇಡವೋ ಎಂದು ಯೋಚಿಸುತ್ತ ನಿಲ್ಲುತ್ತದೆ. ಬಿಸಿಲು ತಾಗಿದರೆ ಕುತ್ತಿಗೆಯ ಚುಕ್ಕಿಗಳು ಹಳದಿ ಮೇಣ ತೊಟ್ಟಿಕ್ಕಿದಂತೆ ಹೊಳೆಯುತ್ತವೆ. ತಲೆಯ ಮೇಲೆ ವಿಮಾನ ಇಳಿಯುತ್ತದೆ. ಹುಂಜ ಕತ್ತು ಓರೆಮಾಡಿ ನೋಡಿ, ಇದೂ ಯಾವುದೋ ಹಕ್ಕಿಯ ಪೈಕಿ ಎಂದುಕೊಂಡು ಮತ್ತೆ ನೆಲ ಕೆದಕತೊಡಗುತ್ತದೆ. ನಾನು ಯಾರು, ಎಲ್ಲಿದ್ದೇನೆ ಎಂಬುದು ಹಗುರವಾಗಿ ಮರೆತುಹೋಗುತ್ತದೆ. ಹಾಲು ತರಲು ಹೊರಟಿದ್ದೆ ಎಂಬುದು ನೆನಪಾಗುವುದು ಮನೆಯ ಬಾಗಿಲಲ್ಲಿ, ಗಿರಿಜಾಳ ಮುಖ ಕಂಡಾಗ.

ಆ ಹುಂಜವನ್ನು ಬರೆದೆ. ಮೈಯೆಲ್ಲ ಮುಗಿಸಿ ಕಣ್ಣನ್ನು ಉಳಿಸಿಕೊಂಡೆ. ಗಣಪತಿ ಮಾಡುವವರ ಪಕ್ಕದ ಮನೆಯಲ್ಲಿ ಬೆಳೆದವನು ನಾನು. ಕಣ್ಣು ಕೊನೆಗೆ, ಅದೂ ಸ್ನಾನ ಮಾಡಿಯೇ ಬರೆಯಬೇಕೆಂಬುದು ಅವರಿಂದ ಅಂಟಿದ ಪದ್ಧತಿ. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಉಸಿರು ಬಿಗಿಹಿಡಿದು ಕಣ್ಣು ತೆರೆಸಿದೆ. ಬಾಗಿಲಲ್ಲಿ ನಿಂತಿದ್ದ ಗಿರಿಜಾ, "ಆಯ್ತಾ ಕೋಳಿ ಪ್ರತಿಷ್ಠಾಪನೆ? ಮಂಗಳಾರತಿ ತರ್ಲಾ?" ಎಂದಳು. ಹುಂಜ ಅವಳನ್ನೂ ನೋಡಿತು. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಗೋಡೆ ಕೊನೆಗೂ ಸಿಕ್ಕಿದ್ದು ಭದ್ರಾವತಿಯಲ್ಲಿ. ನನ್ನ ಸಹಪಾಠಿ ಸೆಲ್ವರಾಜ ನ್ಯೂಟೌನಿನಲ್ಲಿ ಮಿಲಿಟರಿ ಹೋಟೆಲ್ ಇಟ್ಟಿದ್ದಾನೆ. "ತಗೊಂಡ್ಬಾ ಮಾರಾಯ, ಬಾಗಿಲಿಗೆ ಎದುರಾಗೇ ಹಾಕ್ತೀನಿ. ಬಂದೋರೆಲ್ಲ ನೋಡ್ಲಿ" ಎಂದ. ನನ್ನ ಹಕ್ಕಿ ಬಿರಿಯಾನಿಯ ಹಬೆಯಲ್ಲಿ ಬಾಳಬೇಕಲ್ಲ ಎಂದು ಹಿಂಜರಿದೆ. ಆದರೆ ಗೋಡೆ ಗೋಡೆಯೇ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದು, ಕೈಯಾರೆ ಮೊಳೆ ಹೊಡೆದು ಬಂದೆ. ಗಿರಾಕಿಗಳು ಎತ್ತಿದ ತುತ್ತನ್ನು ಹಾಗೇ ಹಿಡಿದುಕೊಂಡು ನನ್ನ ಚಿತ್ರ ನೋಡುತ್ತಿರುವಂತೆ ಹಗಲಿಡೀ ಕನಸು ಕಾಣುತ್ತಿದ್ದೆ.

ಕನಸು ನಿಜವಾಗಿತ್ತು. ತೊಂದರೆಯೇ ಅದು. ಸೆಲ್ವರಾಜ ಫೋನು ಮಾಡಿ, ಬಣ್ಣ, ಕುಂಚ ತರಲು ಹೇಳಿ ಕರೆಸಿಕೊಂಡ. "ನಿನ್ನ ಕೋಳಿ ತಿನ್ನೋರನ್ನೇ ನೋಡ್ತದೆ ಕಣೋ. ಯಾವ ಟೇಬಲ್‌ಗೆ ಕೂತ್ರೂ ನೋಡ್ತದೆ. ಖಾಯಂ ಗಿರಾಕಿಗಳು ಚಿಕನ್ ಬಿಟ್ಟು ಮೊಟ್ಟೆಗೆ ಇಳಿದವ್ರೆ. ನಿನ್ನೆ ಒಬ್ರು ಅನ್ನ, ತಿಳಿಸಾರು ಕೇಳಿದ್ರು, ನನ್ನ ಹೋಟ್ಲಲ್ಲಿ" ಎನ್ನುವಾಗ ಅವನ ದನಿ ಕುಗ್ಗಿಹೋಯಿತು. "ಆ ಕಣ್ಣಿಗೊಂಚೂರು ಬಣ್ಣ ಬಳಿದುಬಿಡು. ನಿದ್ದೆ ಬಂದಂಗೆ ಕಂಡ್ರೆ ಸಾಕು. ಗೋಡೆ ನಿಂದೇ."

ಬೆಂಚು ಹತ್ತಿ ಕುಂಚ ಎತ್ತಿದೆ. ಒಂದು ಗೀಟು ಎಳೆದಿದ್ದರೆ ಗೋಡೆ ಉಳಿಯುತ್ತಿತ್ತು. ಹುಂಜ ನೋಡುತ್ತಲೇ ಇತ್ತು. ನಾನು ಹಾಲು ಮರೆತ ಬೆಳಗುಗಳೆಲ್ಲ ಆ ಕಣ್ಣಿನಲ್ಲಿದ್ದವು. ಮಿಂದು ಮಡಿಯಲ್ಲಿ ತೆರೆಸಿದ ಕಣ್ಣನ್ನು ಬೆಂಚು ಹತ್ತಿ ಮುಚ್ಚುವುದು ನನ್ನಿಂದಾಗಲಿಲ್ಲ. "ಆಗಲ್ಲ ಕಣೋ" ಎಂದು ಚಿತ್ರವನ್ನೇ ಇಳಿಸಿಕೊಂಡೆ. ಸೆಲ್ವರಾಜ ಬೇಸರಪಡಲಿಲ್ಲ. "ನಿನ್ನ ಕೈ ಚೆನ್ನಾಗಿದೆ ಬಿಡು. ಹೋಟ್ಲಿಗೆ ಸುಮಾರಾಗಿ ಬರೆಯೋನು ಬೇಕಿತ್ತು" ಎಂದ. ನನ್ನ ಚಿತ್ರಕ್ಕೆ ಬಂದ ಮೊದಲ ವಿಮರ್ಶೆ ಅದು. ಖುಷಿಗೆ ಬಸ್ಸಿನಲ್ಲಿ ಕಣ್ಣು ಒದ್ದೆಯಾಯಿತು.

ಮನೆಯಲ್ಲಿ ಕಥೆ ಕೇಳಿದ ಗಿರಿಜಾ ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ಚಿತ್ರವನ್ನು ಬಹಳ ಹೊತ್ತು ನೋಡಿ, "ಮಿಲಿಟರಿ ಹೋಟೆಲ್‌ನೋರಿಗೇ ತಿಳಿಸಾರು ಕುಡಿಸಿದೆ ಅಂದ್ರೆ ಇದು ನಮ್ಮ ಪೈಕೀನೇ. ನಡುಮನೇಲಿ ಹಾಕಿ" ಎಂದಳು.

ಈಗ ಅದು ಊಟಕ್ಕೆ ಕೂರುವ ಜಾಗಕ್ಕೆ ಎದುರಾಗಿ ತೂಗುತ್ತಿದೆ. ಗಿರಿಜಾ ನೆಮ್ಮದಿಯಾಗಿ ಉಣ್ಣುತ್ತಾಳೆ. ನಾನೂ ಮೊದಲ ದಿನ ಎದೆಯುಬ್ಬಿಸಿಯೇ ಕೂತೆ; ಕೋಳಿ ಮುಟ್ಟದವನಿಗೆ ಕೋಳಿಯ ಹೆದರಿಕೆ ಏನು? ಎರಡನೆಯ ಜೋಳದ ರೊಟ್ಟಿ ಮುರಿಯುತ್ತ ತಲೆಯೆತ್ತಿದೆ. ಹುಂಜ ನನ್ನನ್ನು ನೋಡುತ್ತಿರಲಿಲ್ಲ, ರೊಟ್ಟಿಯನ್ನು ನೋಡುತ್ತಿತ್ತು. ಕೋಳಿ ತಿನ್ನುವುದಿಲ್ಲವೆಂದು ಇಷ್ಟು ವರ್ಷ ಬೀಗಿದವನು, ಕೋಳಿ ತಿನ್ನಬೇಕಾದ ಕಾಳನ್ನೇ ತಿಂದು ಬೆಳೆದಿದ್ದೇನೆಂದು ಆಗ ಹೊಳೆಯಿತು. ಅಂದಿನಿಂದ ಗೋಡೆಗೆ ಬೆನ್ನುಹಾಕಿ ಊಟಕ್ಕೆ ಕೂರುತ್ತಿದ್ದೇನೆ.