ಕಾಲ್ಗುಣಕ್ಕೆ ಕಾಳಿನ ಲೆಕ್ಕ

ನಮ್ಮ ದೊಡ್ಡಮಾವ, ಅಂದರೆ ನನ್ನ ಗಂಡನ ದೊಡ್ಡಪ್ಪ, ದೇವರನ್ನೇ ಪರೀಕ್ಷೆಗೆ ಕೂರಿಸಿದ ಮನುಷ್ಯ. ದೇವರು ಪಾಸಾದನೋ ಫೇಲಾದನೋ ಎಂದು ನನ್ನನ್ನು ಕೇಳಬೇಡಿ! ಕಂಪ್ಲಿಯಲ್ಲಿ ಬೆಲ್ಲದ ವ್ಯಾಪಾರ ಅವರದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಒಂದ್ಸಲಕ್ಕ ಏನು ತಿಳೀತೈತಿ?"

ಬೆಲ್ಲದ ಗಾಡಿ ಬಂದರೆ ಉಳಿದ ವ್ಯಾಪಾರಿಗಳು ಮೇಲಿನದೊಂದು ಅಚ್ಚು ಮುರಿದು, ನಾಲಿಗೆಗೆ ತಾಗಿಸಿ, ದರ ಹೇಳಿಬಿಡುತ್ತಿದ್ದರು. ನಮ್ಮವರು ಹಾಗಲ್ಲ. ಕಣ್ಣು ಮುಚ್ಚಿಕೊಂಡು ಗಾಡಿಯ ತಳಕ್ಕೆ, ನಡುವಿಗೆ, ಮೂಲೆಗೆ ಕೈ ಹಾಕಿ ಎಳೆಯುವವರು. ರೈತ ಗೋಳಾಡುತ್ತಿದ್ದ: "ಸಾವ್ಕಾರ್ರ, ಎಲ್ಲಾ ಮುರುದು ತಿಂದುಬಿಡ್ರಿ ಅತ್ಲಾಗ!"

"ಎಲ್ಲಾ ಮುರುದ್ರ ಪಕ್ಕಾ ತಿಳೀತೈತಿ ಖರೆ. ಮಾರಾಕ ಏನು ಉಳೀತೈತಿ? ಬೆಲ್ಲಕ್ಕ ಅಂದಾಜು ಸಾಕು." ಸಂಜೆಯ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದರು, ಅದು ಬೇರೆ ಮಾತು.

ಇನ್ನು ದೇವರ ಪರೀಕ್ಷೆ. ನಮ್ಮ ಕಡೆ ಮನೆಯಲ್ಲಿ ಏನೇ ಗೊಂದಲವಾದರೂ ವೀರಭದ್ರದೇವರ ಗುಡಿಗೆ ಹೋಗಿ ಹೂ ಕೇಳುತ್ತಾರೆ. ಮೂರ್ತಿಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಒಂದು ದಿನ ದೊಡ್ಡಮಾವ ಬುಟ್ಟಿ ತುಂಬ ಹೂ ಹೊತ್ತುಕೊಂಡು ಹೋಗಿ ಕೂತರಂತೆ. ಅಯ್ಯನವರು ಕೇಳಿದರು, "ಏನು ಕೇಳಬೇಕ್ರಿ?"

"ಏನೂ ಇಲ್ರಿ. ಏನೂ ಕೇಳದಿದ್ರ ಹೂ ಯಾವ ಕಡೀಗೆ ಬೀಳತೈತಿ, ನೋಡಾನಂತ ಬಂದೀನಿ."

ಮಧ್ಯಾಹ್ನದವರೆಗೆ ನೋಡಿದರು. ಹೂ ಬಲಕ್ಕೇ ಬಿತ್ತು, ಮತ್ತೆ ಬಲಕ್ಕೆ, ಅಪರೂಪಕ್ಕೊಮ್ಮೆ ಎಡಕ್ಕೆ. ಮನೆಗೆ ಬಂದು ಹೇಳಿದರಂತೆ, "ಭಾಳ ಒಳ್ಳೇ ದೇವ್ರು. ಕೇಳದಿದ್ರೂ ಹೌದು ಅಂತಾನ!" ಅಯ್ಯನವರು ಆಮೇಲೆ ಬಹಳ ದಿನ ಇವರಿಗೆ ತೀರ್ಥ ಕೊಡಲಿಲ್ಲ.

ಇವೆಲ್ಲ ನಾನು ಸೊಸೆಯಾಗಿ ಬರುವ ಮುಂಚಿನ ಕಥೆಗಳು. ನಾನು ಬಂದದ್ದು ಎಮ್ಮಿಗನೂರಿನಿಂದ. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದಲೇ ಒದ್ದು ಒಳಗೆ ಬಂದೆ. ಏನು ಬಂತು ಭಾಗ್ಯ? ಅದೇ ವಾರ ನಮ್ಮ ಅಡುಗೆಮನೆಯಲ್ಲಿ ಇಲಿ ಬಿತ್ತು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊರಗಿನ ಹೊಲಗಳಲ್ಲಿ ಜೋಪಡಿ ಹಾಕಿಕೊಂಡಿತು. ಜೋಪಡಿಗೆ ಹೋದ ಮೇಲೆ ನಮ್ಮಲ್ಲಿ ಒಬ್ಬ ಹೋದ. ದೊಡ್ಡಮಾವನ ಒಬ್ಬನೇ ಮಗ. ತಾಯಿಯಿಲ್ಲದ ಹುಡುಗ, ನನ್ನನ್ನು "ಅತಿಗಿ, ಅತಿಗಿ" ಎಂದು ಬಾಯಿ ತುಂಬ ಕರೆದವನು. ಹೊರಲು ಜನ ಬರಲಿಲ್ಲ. ದೊಡ್ಡಮಾವನೇ ಹೆಗಲು ಕೊಟ್ಟರು.

ಆಮೇಲೆ ನನ್ನ ಕೈಯ ನೀರನ್ನು ಯಾರೂ ಕುಡಿಯಲಿಲ್ಲ. ನಾನು ತುಂಬಿಟ್ಟ ಕೊಡವನ್ನು ಅತ್ತೆ ಚೆಲ್ಲಿ ತಾವೇ ತುಂಬುತ್ತಿದ್ದರು. ನನಗೆ ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟೇ ಹೆದರಿಕೆ. ನಿಜವೇ ಇರಬಹುದೇನೋ, ನನ್ನ ಕಾಲೇ ಕೆಟ್ಟದ್ದೇನೋ! ಸೋಮವಾರ ಹೂ ಕೇಳುವುದೆಂದು ನಿಶ್ಚಯವಾಯಿತು. ಬಲಕ್ಕೆ ಬಿದ್ದರೆ ನನ್ನನ್ನು ತವರಿಗೆ ಅಟ್ಟುವುದು. ಬಲಕ್ಕೆ ಬೀಳದೆ ಇನ್ನೆಲ್ಲಿ ಬಿದ್ದೀತು, ಹೇಳಿ!

ಮಗ ಹೋದಾಗಿನಿಂದ ಬಾಯಿ ಬಿಡದ ದೊಡ್ಡಮಾವ ಅವತ್ತು ಎದ್ದು ಕೂತರು. "ಆ ಹೂ ನಂಗ ಗೊತ್ತೈತಿ. ಸ್ವಲ್ಪ ತಡೀರಿ," ಎಂದು ಹೊರಟೇಬಿಟ್ಟರು.

ಹೋದದ್ದು ನಮ್ಮ ಓಣಿಯವರ ಜೋಪಡಿಗಳಿಗೆ. "ನಿಮ್ಮಲ್ಲಿ ಈ ವರ್ಷ ಸೊಸಿ ಬಂದಾಳೇನು? ಯಾರರ ತೀರಿಕೊಂಡಾರೇನು?" ಹೆಣ ಎತ್ತಿದ ಮನೆಯಲ್ಲಿ ಹೀಗೆ ಕೇಳಿದರೆ ಸುಮ್ಮನಿರುತ್ತಾರೆಯೇ? ಒಬ್ಬ ಮುದುಕಿ ಪೊರಕೆ ಎತ್ತಿದಳು. "ತಲಿ ಕೆಟ್ಟೈತೇನೋ ನಿಂಗ?"

"ಕೆಟ್ಟೈತವ್ವ. ಮದ್ಲು ಇದನ್ನ ಹೇಳು."

ಓಣಿಯಲ್ಲಿ ನಮ್ಮದೂ ಸೇರಿ ಎಂಟು ಮನೆ. ನಾಲ್ಕರಲ್ಲಿ ಸಾವು. ಹೊಸ ಸೊಸೆ ಬಂದದ್ದು ಮೂರು ಮನೆಗೆ, ಅವುಗಳಲ್ಲಿ ಎರಡಕ್ಕೆ ಸಾವು ಬಡಿದಿತ್ತು. "ನೋಡ್ರಿ, ಮೂರರಾಗ ಎರಡು! ಇನ್ನೇನು ಬೇಕು?" ಎಂದರು ಜನ.

"ಸೊಸಿ ಕಾಲಿಗೂ ಸಾವಿಗೂ ಸಂಬಂಧಾನ ಇಲ್ಲ ಅಂತ ಇಟ್ಕೋರಿ," ಎಂದರು ದೊಡ್ಡಮಾವ. "ಕಣ್ಣು ಮುಚ್ಚಿ ಮೂರು ಮನಿ ಹಿಡುದ್ರ, ಎರಡಾದ್ರೂ ಸಾವಿನ ಮನಿ ಎಷ್ಟು ಸಲ ಸಿಗತಾವ, ನೋಡಾನ."

ಗಡಿಗೆಯಲ್ಲಿ ಕಾಳು ಹಾಕಿದರು. ಸಾವಿನ ಮನೆಗಳಿಗೆ ಕರಿಯವು, ಉಳಿದವಕ್ಕೆ ಬಿಳಿಯವು. ಕರಿಯವುಗಳಲ್ಲಿ ನಮ್ಮ ಮನೆಯದು ಹುಣಸೆಬೀಜ. ಅದೊಂದನ್ನು ಮಾತ್ರ ಬೇಗ ಹಾಕಲಿಲ್ಲ, ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಕುಲುಕುವುದು, ಮೂರು ಕಾಳು ತೆಗೆಯುವುದು, ನೋಡುವುದು, ಮತ್ತೆ ಹಾಕುವುದು. ಸಂಜೆಯಾಯಿತು. "ಹೆಚ್ಚೂಕಡಿಮಿ ಅರ್ಧ ಸಲ ಹಿಂಗ ಬರತೈತಿ," ಎಂದರು.

ಅತ್ತೆ ಭಾವನ ಎದುರಿಗೆ ಬರುವವರಲ್ಲ. ಚಾಪೆಯ ಮರೆಯಿಂದಲೇ ಕೇಳಿದರು, "ಹೆಚ್ಚೂಕಡಿಮಿ ಅಂದ್ರೇನ್ರಿ ಭಾವಾರ? ಆ ಹೆಚ್ಚೂಕಡಿಮ್ಯಾಗ ಇವಳ ಪಾಪ ಅಡಗಿದ್ರ?"

ದೊಡ್ಡಮಾವ ತಲೆದೂಗಿದರು. "ಖರೆ ಐತವ್ವ. ಅಂದಾಜು ಬೆಲ್ಲಕ್ಕ ಸಾಕು. ಹೆಣ್ಣಿನ ಬಾಳಿಗೆ ಸಾಲದು."

ಮರುದಿನ ಎಂಟು ಮನೆಗೆ ಎಂಟು ಬೇರೆ ಬೇರೆ ಬಗೆಯ ಕಾಳು ಆರಿಸಿ, ಸಾವಿನ ಮನೆಗಳಿಗೆ ಮತ್ತೆ ಕರಿಯವೇ, ಮೂರು ಮನೆ ಹಿಡಿಯುವ ಬಗೆಗಳು ಎಷ್ಟಿವೆಯೋ ಅಷ್ಟನ್ನೂ ಅಂಗಳದಲ್ಲಿ ಸಾಲಾಗಿ ಜೋಡಿಸತೊಡಗಿದರು. ಒಂದೂ ಬಿಡುವಂತಿಲ್ಲ, ಒಂದೂ ಎರಡು ಸಲ ಬರುವಂತಿಲ್ಲ. ಅರ್ಧ ಆಗಿತ್ತು, ಪಕ್ಕದ ಜೋಪಡಿಯ ಕೋಳಿ ನುಗ್ಗಿ ಜೋಳ, ಅವರೆ ಎಲ್ಲ ನುಂಗಿಬಿಟ್ಟಿತು. ಬದುಕಿದ ಮನೆಗಳು ಕೋಳಿಯ ಹೊಟ್ಟೆಗೆ, ಸತ್ತವು ಅಲ್ಲೇ ಅಂಗಳದಲ್ಲಿ! ಆ ಹಾಳು ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ, ಅದೂ ಸೆರಗಿನಲ್ಲಿ. ದೊಡ್ಡಮಾವ ಕೋಳಿ ಓಡಿಸಿ ಮೊದಲಿನಿಂದ ಶುರು ಮಾಡಿದರು.

ಐವತ್ತಾರು ಸಾಲಾದವು. ಎರಡಾದರೂ ಕರಿ ಕಾಳಿದ್ದ ಸಾಲು ಎಣಿಸಿದರೆ ಇಪ್ಪತ್ತೆಂಟು. ಸರಿಯಾಗಿ ಅರ್ಧ.

"ಇದಕ್ಕ ಯಾರ ಕಾಲೂ ಬೇಕಾಗಿಲ್ಲ," ಎಂದರು. "ಬರೇ ಕಣ್ಣು ಮುಚ್ಚಿ ಹಿಡುದ್ರೂ ಅರ್ಧಕ್ಕರ್ಧ ಹಿಂಗ ಆಗತೈತಿ. ಇಷ್ಟರ ಮ್ಯಾಲ ಒಂದು ಹುಡುಗೀನ ಮನಿ ಬಿಡಸಬ್ಯಾಡ್ರಿ."

ಚಾಪೆಯ ಮರೆಯಲ್ಲಿ ಅತ್ತೆ ಅಳತೊಡಗಿದರು. ಆ ಹುಡುಗನನ್ನು ಎತ್ತಿ ಆಡಿಸಿದವರು ಅವರೇ. "ಹಂಗಾದ್ರ ನಮ್ಮ ಹುಡುಗ ಯಾಕ ಹೋದ್ರಿ?"

ದೊಡ್ಡಮಾವ ಒಂದು ಹುಣಸೆಬೀಜ ಎತ್ತಿಕೊಂಡರು. "ನಂಗ ಗೊತ್ತಿಲ್ಲವ್ವ. ಅದನ್ನ ಯಾವ ಕಾಳೂ ಹೇಳಂಗಿಲ್ಲ."

ಆಮೇಲೆ ನಾನು ನಿಂತ ಕಡೆಗೆ ತಿರುಗಿದರು. "ಒಂದು ತಂಬಿಗಿ ನೀರು ತಾ."

ತುಂಬಿ ತಂದುಕೊಟ್ಟೆ. ಎಲ್ಲರೂ ನೋಡುತ್ತಿದ್ದರು. ಅವರು ಎತ್ತಿದ ರಭಸಕ್ಕೆ ಅರ್ಧ ನೀರು ಎದೆಯ ಲಿಂಗದ ಮೇಲೆ ಚೆಲ್ಲಿತು. ಉಳಿದದ್ದನ್ನು ಗಟಗಟನೆ ಕುಡಿದು, ತಂಬಿಗೆಯನ್ನು ತಿರುಗಿ ನನ್ನ ಕೈಗೇ ಕೊಟ್ಟರು.

"ನಾಳಿಗೂ ನೀನ ತಾ, ಮಗಳ. ಒಂದ್ಸಲಕ್ಕ ಏನು ತಿಳೀತೈತಿ?"