ಬಾಣಂತಿ ಕೋಣೆಯ ಕಿಟಕಿ

ನಾಗರತ್ನಾ: ಆ ಕಿಟಕಿ ಮುಟ್ಟಿದ್ರ ನನ್ನಾಣಿ ಐತಿ ನೋಡ್ರಿ! ಸಂದಿಯೊಳಗೆಲ್ಲಾ ಹಳೇ ಸೀರಿ ತುರುಕಿ ಬಂದ್ ಮಾಡೇನಿ. ಮಗಳ ಚೊಚ್ಚಲ ಬಾಣಂತನ ಅಂದ್ರ ಹುಡುಗಾಟಕಿ ಅಲ್ಲ.

ನಾನು: ಒಳಗ ಉಸರಾಡಾಕ ಆಗವಲ್ದು ಅಂದೆ, ಅಷ್ಟ.

ನಾಗರತ್ನಾ: ನಿಮಗ್ಯಾರ ಬಾಣಂತನ ಮಾಡತಾರ? ಹೊರಗ ಕುಂದರ್ರಿ.

ಕುಳಿತೆ. ನಮ್ಮ ಊರಿರುವುದು ಕಲ್ಲಿನ ಖಣಿಯ ಬುಡದಲ್ಲಿ. ಅಲ್ಲಿ ರೇಡಿಯೇಶನ್ ಇದೆಯಂತೆ ಎಂಬ ಸುದ್ದಿ ಹಬ್ಬಿಸಿದವರಲ್ಲಿ ನಾನೇ ಮೊದಲಿಗ. ಅದು ಬಸುರಿ ಮಗಳ ಅತ್ತೆಮನೆಗೆ, ಬೈಲಹೊಂಗಲದ ಬೀಗರ ಕಿವಿಗೂ ಬಿದ್ದು, ‘ಮೀನಾನ್ನ ಅಲ್ಲಿಗೆ ಕಳಸಂಗಿಲ್ಲ, ಹೆರಿಗಿ ಇಲ್ಲೇ’ ಎಂದುಬಿಟ್ಟರು. ಅಳೆದೇ ನೋಡೋಣವೆಂದು ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಖಾಲಿದ್, ನನ್ನ ಹೆಂಡತಿ ಮಗಳಿಗೆಂದು ಹಟದಿಂದ ಸಜ್ಜುಮಾಡಿಟ್ಟ ಈ ಕೋಣೆಯಲ್ಲೊಂದು, ಖಣಿಯ ದಂಡೆಯಲ್ಲೊಂದು ಪುಟ್ಟ ಡಬ್ಬಿಯನ್ನು ಮೂರು ತಿಂಗಳು ತೂಗುಹಾಕಿ ಒಯ್ದಿದ್ದ. ಇಂದು ಅಂಕಿ ಹಿಡಿದು ಬಂದ.

ಖಾಲಿದ್: ಸರ್, ಖಣಿ ದಂಡ್ಯಾಗ ಮಾಮೂಲಿ ಐತ್ರಿ. ಎಲ್ಲಾ ಕಡೆ ಇರೂವಷ್ಟ.

ನಾಗರತ್ನಾ: ಕೇಳಿದ್ರಿಲ್ಲ? ಖಣಿ ಮುಂದ ಮೂಗ ಹಿಡಕೊಂಡ ಓಡೂ ಗಂಡಸು!

ಖಾಲಿದ್: ನಿಮ್ಮ ಮನ್ಯಾಗ ಮಾತ್ರ ಅದರ ಆರು ಪಟ್ಟು.

ನಾಗರತ್ನಾ: ನಿನ್ನ ಡಬ್ಬಿ ಕೆಟ್ಟೈತಿ, ತಮ್ಮಾ. ಇಲ್ಲಾಂದ್ರ ಇವರು ಅದರ ಬಾಜೂ ಕುಂತಿರಬೇಕು.

ನಾನು: ನನ್ನಿಂದ ಏನ ಹೊಂಡತೈತಿ?

ನಾಗರತ್ನಾ: ಸುದ್ದಿ ಹೊಂಡೂದಿಲ್ಲೇನು?

ಖಾಲಿದ್: ಜಗಳಾ ಬ್ಯಾಡ್ರಿ ಅಕ್ಕಾರ. ನೆಲದಾಗಿಂದ, ಕಲ್ಲಿನ ಗ್ವಾಡ್ಯಾಗಿಂದ ಆ ರೇಡಿಯೇಶನ್ ಇರೂ ಒಂದ ಗ್ಯಾಸ್ ಸಣ್ಣಗ ಬರತಿರತೈತಿ. ಕಾಣಂಗಿಲ್ಲ, ವಾಸನಿನೂ ಇಲ್ಲ. ಗಾಳಿ ಆಡಿದ್ರ ಹೋಗತೈತಿ, ಬಂದ್ ಮಾಡಿದ್ರ ಅಲ್ಲೇ ಕುಂದರತೈತಿ. ವರ್ಷಾನಗಟ್ಲೆ ಅದರಾಗ ಇದ್ರ ಎದಿಗೆ ಚಲೋ ಅಲ್ಲ. ಕಿಟಕಿ ತಗೀರಿ, ಮುಗೀತು.

ನಾಗರತ್ನಾ: ಬಾಣಂತಿಗೆ ಗಾಳಿ ಹೊಡದ್ರ ನೀ ಬಂದ ಕಷಾಯ ಕುದಸ್ತಿ ಏನ? (ತಟ್ಟನೆ ನಿಂತು) ಅಲ್ಲಾ, ಬೈಲಹೊಂಗಲದಾಗ ನಮ್ಮ ಬೀಗತಿನೂ ಕ್ವಾಣಿ ಮುಚ್ಚಿಟ್ಟಾಳಂತ. ಅಲ್ಲಿ?

ಖಾಲಿದ್: ಅಲ್ಲೂ ಏರಬಹುದ್ರಿ. ಗ್ಯಾಸಿಗೇನ ಊರ ಹೆಸರ ಗೊತ್ತೈತಿ?

‘ಹಂಗಾರ ಹೆರಿಗಿ ಇಲ್ಲೇ!’ ನಾಗರತ್ನಾಳ ಮುಖ ಅರಳಿತು. ನಾನು ಮೂರು ತಿಂಗಳು ಬೇಡಿಕೊಂಡರೂ ತೆರೆಯದ ಕಿಟಕಿಯನ್ನು, ಬೀಗತಿಯದು ಇನ್ನೂ ಮುಚ್ಚಿದೆ ಎಂಬ ಒಂದೇ ಕಾರಣಕ್ಕೆ, ಸೀರೆಯ ಚೂರುಗಳ ಸಮೇತ ಕಿತ್ತು ತೆರೆದಳು. ಅದೇ ಹೊತ್ತಿಗೆ ಖಣಿಯ ಕ್ರಷರ್ ಗುಡುಗಿತು. ಬಿಳಿ ಧೂಳು ಒಳನುಗ್ಗಿ ಖಾಲಿ ತೊಟ್ಟಿಲ ಮೇಲೆ, ನನ್ನ ಕನ್ನಡಕದ ಮೇಲೆ ಕೂತಿತು.

ಖಾಲಿದ್: (ಕೆಮ್ಮುತ್ತ) ಖರೇ ಅಂದ್ರ, ಸರ್, ಖಣಿ ವಿಷಯದಾಗ ಅಂಜಬೇಕಾದದ್ದು ಈ ಧೂಳಿಗೆ. ಅದನ್ನ ಅಳಿಯಾಕ ನನ್ನ ಕಡೆ ಡಬ್ಬಿ ಇಲ್ಲ.

ನಾನು: ಮುಚ್ಚಲೇನು?

ನಾಗರತ್ನಾ: ಕಿಟಕಿ ಹಂಗ ಇರಲಿ. ಬಸುರಿ ಕುಬಸಾ ಮಾಡಿ ಮಗಳನ್ನ ಕರಕೊಂಡ ಬರಾಕ ಇನ್ನಾ ಹದಿನೈದ ದಿನ ಐತಿ. ಅಷ್ಟರಾಗ ಹೋಗಿ ಖಣಿ ಮುಚ್ಚಿಸಿ ಬರ್ರಿ.