ಏಳದ ಸಬ್‌ಮೆರಿನ್, ಹಾರದ ಕುರ್ಚಿ ಮತ್ತು ನಮ್ಮ ಮಾವನವರು

ಮದುವೆಯಾಗಿ ಇನ್ನೂ ವಾರ ಕಳೆದಿರಲಿಲ್ಲ, ನಮ್ಮ ಮಾವನವರು ನನ್ನನ್ನು ಕಳ್ಳಿಯೆಂದು ಹಿಡಿದರು!

ಹೀಗೆಂದರೆ ನೀವು ತಪ್ಪು ತಿಳಿದೀರಿ. ಅವರಂಥ ಒಳ್ಳೆಯ ಮಾವ ಹಲಸೂರಿನಲ್ಲೇಕೆ, ಇಡೀ ದಂಡು ಪ್ರದೇಶ ಹುಡುಕಿದರೂ ಸಿಗಲಾರರು. ಆದರೆ ಹಿಡಿದದ್ದಂತೂ ನಿಜ. ಹೊಸ ಸೊಸೆಯಲ್ಲವೇ, ಎಲ್ಲರಿಗಿಂತ ಮೊದಲು ಸ್ನಾನ ಮುಗಿಸಿ ಒಳ್ಳೆಯವಳೆನಿಸಿಕೊಳ್ಳೋಣ ಎಂದು ಬೆಳಿಗ್ಗೆ ಬಚ್ಚಲಮನೆಯ ಬಾಗಿಲು ತಳ್ಳಿದೆ. ಎಲ್ಲೋ ಗಂಟೆ ಬಾರಿಸಿತು. ತಲೆಯ ಮೇಲೆ ಡಬ್ಬಿಯೊಂದು ಕವುಚಿಕೊಂಡಿತು. ಅಡಿಯಿಂದ ಮುಡಿಯವರೆಗೆ ರಾಗಿಹಿಟ್ಟು! ಕಷ್ಟಪಟ್ಟು ಕಣ್ಣು ಬಿಟ್ಟರೆ ಎದುರಿಗೆ ಬನಿಯನ್ನು, ಪಂಚೆ, ಕೈಯಲ್ಲಿ ಅಳತೆಯ ಟೇಪು ಹಿಡಿದ ಮಾವ.

"ಅಲ್ಲೇ ನಿಂತ್ಕೊಮ್ಮ, ಅಲ್ಲಾಡ್ಬೇಡ! ಹಿಟ್ಟು ಎಲ್ಲೀವರ್ಗೂ ಹಾರಿದೆ ಅಂತ ಅಳ್ಕೊಂಡ್ಬಿಡ್ತೀನಿ."

ನಿಂತೆ. ಅಳೆದರು. ಆಮೇಲೆ ಸಂತೋಷದಿಂದ, "ತುಂಬಾ ಚೆನ್ನಾಗ್ ಸಿಕ್ಕಾಕ್ಕೊಂಡೆ ಕಣಮ್ಮ" ಎಂದು ಹೊಗಳಿದರು.

ಎಸ್‌ಟಿಡಿ ಬೂತಿಗೆ ಓಡಿಹೋಗಿ ಧಾರವಾಡದಲ್ಲಿದ್ದ ಅವ್ವನ ಮುಂದೆ ಗೋಳಾಡಿದೆ. ಅವ್ವ ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, "ಯಾ ಹಿಟ್ಟವಾ?" ಎಂದಳು.

"ರಾಗಿ."

"ಹಂಗಾರ ಇರ್ಲಿ ಬಿಡು. ಜ್ವಾಳದ್ದಾಗಿದ್ರ ಸುಮ್ನ ಹಾಳಾಗ್ತಿತ್ತು."

ಇಂಥ ತವರು, ಅಂಥ ಮಾವ! ನಾನು ಯಾರ ಹತ್ತಿರ ದೂರು ಹೇಳಲಿ?

ಸಂಗತಿ ಏನೆಂದು ಆಮೇಲೆ ತಿಳಿಯಿತು. ಮಾವನವರು ಒಂದು ವಾರಪತ್ರಿಕೆಯ ಮಕ್ಕಳ ಪುಟಕ್ಕೆ ಸಾಹಸದ ಕಥೆ ಬರೆಯುತ್ತಿದ್ದರು. ಸೀನ ಮತ್ತು ಕಮಲಿ ಎಂಬ ಅಣ್ಣತಂಗಿ ವಾರಕ್ಕೊಂದು ಯಂತ್ರ ಕಂಡುಹಿಡಿದು ಕಳ್ಳರನ್ನು ಹಿಡಿಯುವುದು, ಕಳೆದುಹೋದ ಕರುವನ್ನು ಹುಡುಕುವುದು, ಮೇಷ್ಟ್ರ ಕುರ್ಚಿಯನ್ನು ಗಿರಗಿರ ತಿರುಗಿಸುವುದು, ಹೀಗೆ. ಇದರಲ್ಲೇನು ವಿಶೇಷ? ಮಕ್ಕಳ ಕಥೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಮಾವನವರಿಗೆ ಒಂದು ಹಟ. ಮನೆಯಲ್ಲಿ ನಡೆಯದ ಯಂತ್ರ ಕಥೆಯಲ್ಲೂ ನಡೆಯಕೂಡದು! ಬಚ್ಚಲಮನೆಯಲ್ಲಿ ನಾನು ಸಿಕ್ಕಿಬಿದ್ದದ್ದು ಆ ವಾರದ ಕಳ್ಳ ಹಿಡಿಯುವ ಯಂತ್ರಕ್ಕೆ.

"ದೊಡ್ಡೋರಿಗೆ ಸುಳ್ಳು ಹೇಳಿದ್ರೆ ಅವ್ರೂ ತಿರುಗಿಸಿ ಒಂದ್ ಹೇಳ್ತಾರೆ, ಸರಿಹೋಗುತ್ತೆ. ಮಕ್ಕಳು ಹಂಗಲ್ಲಮ್ಮ, ನಂಬ್ಬಿಡ್ತಾರೆ" ಎನ್ನುತ್ತಿದ್ದರು.

ಅವರ ಹಿರಿಯರು ಹಲಸೂರಿನಲ್ಲಿ ಸೊಪ್ಪು ಬೆಳೆದವರು. ಸೊಪ್ಪಿನ ಮಡಿಗಳಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿದ್ದವು. ಹಾಗಾಗಿ ನಿವೃತ್ತರಾದ ಮೇಲೆ ಮಾವನವರಿಗೆ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ಇದ್ದ ಚಿಂತೆಯೆಲ್ಲ ಸ್ಪ್ರಿಂಗಿನದು. ವಾರಕ್ಕೊಮ್ಮೆ ಚೀಲ ಹಿಡಿದು ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿ ಬರುತ್ತಿದ್ದರು. "ಭಾಯ್, ಸ್ಪ್ರಿಂಗ್ ಹೈ ಕ್ಯಾ?" ಎಂಬುದು ಅವರಿಗೆ ಬರುತ್ತಿದ್ದ ಒಟ್ಟು ಉರ್ದು. ಅಷ್ಟರಲ್ಲೇ ನಮ್ಮ ಮಹಡಿ ತುಂಬಿಹೋಗಿತ್ತು.

ಒಮ್ಮೆ ಸೀನ, ಕಮಲಿ ಇಬ್ಬರೂ ಕೆರೆಯ ತಳಕ್ಕೆ ಹೋಗಬೇಕಾಗಿ ಬಂತು. ಸರಿ, ಸಬ್‌ಮೆರಿನ್ ತಯಾರಾಯಿತು. ಯಾವುದರಿಂದ ಅನ್ನುತ್ತೀರಿ? ಅತ್ತೆಯ ಸ್ಟೀಲಿನ ಚಕ್ಕುಲಿ ಡಬ್ಬಿಯಿಂದ! ಅದಕ್ಕೆ ಸೈಕಲ್ ಟ್ಯೂಬು ಸುತ್ತಿ, ಒಳಗೆ ಅಡುಗೆ ಸೋಡಾ, ನಿಂಬೆರಸ ಏನೇನೋ ಹೊಂದಿಸಿ, ಭಾನುವಾರ ಬೆಳಿಗ್ಗೆ ಮನೆಮಂದಿಯನ್ನೆಲ್ಲ ಹಲಸೂರು ಕೆರೆಯ ದಂಡೆಗೆ ಕರೆದೊಯ್ದರು. ಡಬ್ಬಿ ಬುಳುಬುಳು ಎಂದು ಗಂಭೀರವಾಗಿ ಮುಳುಗಿತು.

"ನೋಡ್ತಿರಿ, ಈಗ ಗ್ಯಾಸ್ ತುಂಬ್ಕೊಂಡು ತಾನೇ ಮೇಲಕ್ ಬರುತ್ತೆ."

ನೋಡಿದೆವು. ಬಿಸಿಲು ಮೇಲಕ್ಕೆ ಬಂತು.

"ಮುಳುಗ್ಸೋದಕ್ಕೆ ಸೈನ್ಸ್ ಬೇಕೇನ್ರೀ?" ಎಂದರು ಅತ್ತೆ. "ನಮ್ಮಮ್ಮ ಕೊಟ್ಟಿದ್ದ ಡಬ್ಬಿ ಅದು!"

ಅಷ್ಟರಲ್ಲಿ ಪೊಲೀಸ್ ಪೇದೆಯೊಬ್ಬರು ಬಂದರು. "ಏನ್ ಸಾರ್ ಅದು, ನೀರಿಗೆ ಹಾಕಿದ್ದು?"

"ಸಬ್‌ಮೆರಿನ್."

ಪೇದೆ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಅತ್ತೆಯ ಮುಖ ನೋಡಿ ಅವರಿಗೆ ಮರುಕ ಹುಟ್ಟಿರಬೇಕು. "ಆಟದ ಸಾಮಾನು ಅಂತ ಹೇಳ್ಬಿಡಿ ಸಾರ್. ಸಬ್‌ಮೆರಿನ್ ಅಂದ್ರೆ ನಾನು ಸ್ಟೇಷನ್‌ಗೆ ತಿಳಿಸ್ಬೇಕಾಗುತ್ತೆ" ಎಂದರು.

ಮಾವ ಎರಡೂ ಕೈ ಮುಂದೆ ಚಾಚಿದರು. "ಬೇಕಾದ್ರೆ ಅರೆಸ್ಟ್ ಮಾಡ್ಕೊಂಡ್ ಹೋಗಿ. ಆಟದ ಸಾಮಾನು ಅಂತ ಮಾತ್ರ ಅನ್ಬೇಡಿ!"

ಆ ವಾರದ ಕಥೆಯಲ್ಲಿ ಸೀನ ಮತ್ತು ಕಮಲಿಯ ಸಬ್‌ಮೆರಿನ್ ಮುಳುಗಿಯೇ ಹೋಯಿತು. ಇಬ್ಬರೂ ಈಜಿ ದಡ ಸೇರಿ ಅಜ್ಜಿಯಿಂದ ಬೈಸಿಕೊಂಡರು. ಬೈಗುಳಗಳೆಲ್ಲ ನಮ್ಮ ಅತ್ತೆಯವೇ, ಒಂದಕ್ಷರವೂ ಬದಲಾಗಿರಲಿಲ್ಲ.

ಈ ಹಟವೇ ಕೊನೆಗೆ ಅವರಿಗೆ ಮುಳುವಾಯಿತು. ಪತ್ರಿಕೆಗೆ ಹೊಸ ಸಂಪಾದಕರು ಬಂದರು, ಚಿಕ್ಕ ವಯಸ್ಸಿನವರು, ಮಾತು ಮೃದು. ಮನೆಗೇ ಬಂದು ಕಾಫಿ ಕುಡಿದು, "ಸಾರ್, ಈಗಿನ್ ಮಕ್ಕಳು ಟೀವೀಲಿ ಎಲ್ಲಾ ನೋಡ್ಬಿಟ್ಟಿರ್ತಾರೆ. ನಿಮ್ ಸೀನನ್ನ ಒಂದ್ಸಲ ಹಾರಿಸ್ಬಿಡಿ" ಎಂದರು. ಮಾವ ಒಪ್ಪಿದರು. ಒಪ್ಪಿದರು ಎಂದರೆ, ಬೆತ್ತದ ಕುರ್ಚಿಗೆ ದೊಡ್ಡ ದೊಡ್ಡ ಗಾಳಿಪಟ ಕಟ್ಟಿ, ಸೀನನ ಬದಲು ಅಕ್ಕಿಮೂಟೆಯನ್ನು ಕೂರಿಸಿ, ಗಾಳಿ ನೋಡಿ ಮಹಡಿಯಿಂದ ಬಿಟ್ಟರು. ಕೆಳಗಿನ ಬಾಡಿಗೆ ಮನೆಯ ತಮಿಳು ಮಾಮಿ ಅಂಗಳದಲ್ಲಿ ಸಂಡಿಗೆ ಒಣಹಾಕಿದ್ದರು.

"ಐಯೋ ಸಾರ್! ಇಷ್ಟು ದೊಡ್ಡ ಅಂಗಳದಲ್ಲಿ ನನ್ ವಡಾಮ್ ಮೇಲೇ ಲ್ಯಾಂಡ್ ಆಗ್ಬೇಕಾ?"

ಸಂಪಾದಕರಿಗೆ ಮಾವ ಖಚಿತವಾಗಿ ಹೇಳಿಬಿಟ್ಟರು: "ಹಾರಲ್ಲ."

"ನಿಮ್ಮನೇಲಿ ಹಾರ್ದಿದ್ರೆ ಏನ್ ಸಾರ್? ಕಥೇಲಿ ಹಾರ್ಸಿ. ಕಾಗದದ್ ಮೇಲೆ ತಾನೆ?"

"ಅದನ್ನ ಓದಿ ಯಾವ್ದೋ ಮಗು ಕುರ್ಚಿ ಎತ್ಕೊಂಡು ಮಹಡಿ ಹತ್ತಿದ್ರೆ? ಕೆಳಗ್ ನಿಂತು ನೀವ್ ಹಿಡ್ಕೋತೀರಾ?"

ಅಲ್ಲಿಗೆ ಪತ್ರಿಕೆಯಲ್ಲಿ ಸೀನ ಮತ್ತು ಕಮಲಿ ನಿಂತುಹೋದರು. ಅವರಿದ್ದ ಜಾಗದಲ್ಲಿ ಬಣ್ಣ ತುಂಬುವ ಚಿತ್ರ ಬರತೊಡಗಿತು. ಮಾವ ಕೆಲವು ದಿನ ಸುಮ್ಮನೆ ಜಗಲಿಯಲ್ಲಿ ಕೂತಿರುತ್ತಿದ್ದರು. ಆಗ ನನಗೊಂದು ಆಶ್ಚರ್ಯ ಕಾದಿತ್ತು. ಪಾತ್ರೆಗಳಿಗೆ ನೆಮ್ಮದಿ ಸಿಕ್ಕಿತೆಂದು ಅತ್ತೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಮಾವನ ಪಕ್ಕದಲ್ಲಿ ಹೊಸ ಡಬ್ಬಿಯೊಂದನ್ನು ಇಟ್ಟು, "ಇದನ್ನೇನಾದ್ರೂ ಮಾಡ್ಕೊಳಿ" ಎಂದು ಒಳಗೆ ಹೋದರು.

ಅಷ್ಟರಲ್ಲಿ ನನ್ನ ಮಗಳು ಕಥೆ ಕೇಳುವಷ್ಟು ದೊಡ್ಡವಳಾದಳು. ಪತ್ರಿಕೆ ಬಿಟ್ಟ ಸೀನ, ಕಮಲಿ ನಮ್ಮ ಜಗಲಿಗೆ ಬಂದರು. ಕೇಳುವವರು ಒಬ್ಬರೇ ಆದರೂ ಮಾವ ಪ್ರಯೋಗ ನಿಲ್ಲಿಸಲಿಲ್ಲ.

ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಬೀದಿನಾಯಿಯೊಂದು ಕಾಲಿಗೆ ಕಚ್ಚಿತು. ನಾಯಿ ಕಚ್ಚಿದ್ದಕ್ಕೆ ಹಾಕುವ ಇಂಜೆಕ್ಷನ್ ಒಂದೇ ಸಲಕ್ಕೆ ಮುಗಿಯುವುದಿಲ್ಲವಲ್ಲ. ಮೊದಲನೆಯದಕ್ಕೆ ನಾನು, ನನ್ನ ಗಂಡ, ನರ್ಸು ಎಲ್ಲರೂ ಸೇರಿ, "ನೋಯೋದೇ ಇಲ್ಲ ಪುಟ್ಟಿ, ಇರುವೆ ಕಚ್ಚಿದ ಹಾಗೆ" ಎಂದು ಪುಸಲಾಯಿಸಿದೆವು. ಎರಡನೆಯ ಸಲ ಹೊರಡುವ ಹೊತ್ತಿಗೆ ಅವಳು ಮಂಚದಡಿ ಗೋಡೆಗೆ ಅಂಟಿ ಕೂತಿದ್ದಳು. ಎಳೆದರೆ ಕಿರುಚುತ್ತಾಳೆ, ಮುದ್ದು ಮಾಡಿದರೆ, "ನೀವೆಲ್ಲಾ ಸುಳ್ಳು" ಎನ್ನುತ್ತಾಳೆ. ತಪ್ಪಿಸುವ ಹಾಗಿಲ್ಲ, ತಪ್ಪಿಸಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಮಾವನವರನ್ನು ಕೂಗಿದರೆ ಅವರೂ ಇಲ್ಲ, ಅತ್ತೆಯೂ ಇಲ್ಲ!

ತುಸು ಹೊತ್ತಿಗೆ ಆಟೋದಲ್ಲಿ ಇಬ್ಬರೂ ಬಂದಿಳಿದರು. ಅತ್ತೆಯ ಮುಖ ಕೆಂಪಾಗಿತ್ತು.

"ನಿಮ್ಮಾವ ಡಾಕ್ಟರ್ ಹತ್ರ ಹೋಗಿ, ನಾಯಿ ಕಚ್ಚಿದ್ದಕ್ಕೆ ಹಾಕ್ತೀರಲ್ಲ, ಅದೇ ಇಂಜೆಕ್ಷನ್ ನನಗೂ ಹಾಕಿ ಅಂದ್ರು ಕಣೆ! ನಿಮ್ಗೆ ನಾಯಿ ಕಚ್ಚಿದ್ಯಾ ಅಂತ ಅವ್ರು ಕೇಳಿದ್ರೆ, ಕಚ್ಚಿಸ್ಕೊಂಡ್ ಬರ್ಲಾ ಅಂತಾರೆ!"

ಕೊನೆಗೆ ಅವರ ಬೆರಳಿನಲ್ಲಿ ತಗಡು ಕೊಯ್ದ ಗಾಯ ಕಂಡ ಡಾಕ್ಟರು, ಅದಕ್ಕೆ ಹೇಗೂ ಬೇಕಿದ್ದ ಧನುರ್ವಾಯು ಇಂಜೆಕ್ಷನ್ ಹಾಕಿ ಕಳಿಸಿದ್ದರು.

ಮಾವ ಮಂಚದ ಮುಂದೆ ನೆಲದ ಮೇಲೆ ಕೂತು, ಅಂಗಿಯ ತೋಳು ಸರಿಸಿ, ಹತ್ತಿ ಅಂಟಿಸಿದ್ದ ಜಾಗ ತೋರಿಸಿದರು. "ಈಗ್ತಾನೆ ಚುಚ್ಚಿಸ್ಕೊಂಡ್ ಬಂದೆ. ನಿಂದೇ ಔಷಧಿ ಅಲ್ಲ, ಕೊಡಲ್ಲ ಅಂದ್ರು. ಸೂಜಿ ಮಾತ್ರ ಅಂಥದ್ದೇ."

ಕತ್ತಲಿನಿಂದ ಸಣ್ಣ ದನಿ ಬಂತು. "ನೋಯುತ್ತಾ?"

ಇಲ್ಲ ಎನ್ನಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ.

"ನೋಯುತ್ತೆ" ಎಂದರು ಮಾವ. "ಸೂಜಿ ಹೋಗುವಾಗ ಚುರ್ ಅನ್ನುತ್ತೆ. ಔಷಧಿ ಬಿಡುವಾಗ ಇನ್ನೂ ಜಾಸ್ತಿ. ಆಮೇಲೆ ಮುಗ್ದೇ ಹೋಗುತ್ತೆ. ನಾನು ನಿಮ್ಮಜ್ಜಿ ಕೈ ಹಿಡ್ಕೊಂಡಿದ್ದೆ. ಹಿಡ್ಕೊಂಡ್ರೆ ವಾಸಿ."

"ಅತ್ಬಿಟ್ಯಾ ತಾತ?"

"ಕಣ್ಣಲ್ಲಿ ನೀರ್ ಬಂತು. ಅದನ್ನ ಅಳು ಅಂತಾರೋ ಇಲ್ವೋ, ನೀನೇ ಹೇಳು."

ಆಮೇಲೆ ಅವಳು ತೆವಳಿಕೊಂಡು ಹೊರಗೆ ಬಂದು, ಹತ್ತಿಯನ್ನು ಒಮ್ಮೆ ಮುಟ್ಟಿ ನೋಡಿ, ತಾತನ ಕೈ ಹಿಡಿದುಕೊಂಡಳು.

ಆಸ್ಪತ್ರೆಯಲ್ಲೂ ಆ ಕೈ ಬಿಡಲಿಲ್ಲ. ಸೂಜಿ ಹೋಗುವಾಗ ತುಟಿ ಬಿಗಿಹಿಡಿದಳು. ಮುಗಿದ ಮೇಲೆ ಒದ್ದೆಗಣ್ಣಿನಲ್ಲೇ ತಲೆಯೆತ್ತಿ, "ತಾತ, ನೀನ್ ಹೇಳ್ದಷ್ಟು ನೋಯ್ಲಿಲ್ಲ" ಎಂದಳು.

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ಎಷ್ಟು ಒರೆಸಿದರೂ ಮುಗಿಯಲೊಲ್ಲದು. ಕೊನೆಗೆ ಅತ್ತೆಯೇ ಅದನ್ನು ತೆಗೆದುಕೊಂಡು, ತಮ್ಮ ಸೆರಗಿನಲ್ಲಿ ಒರೆಸಿ, ಅವರ ಮೂಗಿನ ಮೇಲೆ ಕೂರಿಸಿದರು.